ಪ್ರೋಬಯೋಟಿಕ್ ಕ್ಯಾಪ್ಸೂಲ್ ತಗೊಂಡ್ರೆ ಅಮ್ಮನ ಬೊಜ್ಜು ಇಳಿಯುತ್ತಾ?

ಪ್ರಶ್ನೆ: ನಮ್ಮಮ್ಮಂಗೆ 67 ವರ್ಷ, ತೂಕ 74 ಕೆಜಿ, ಶುಗರ್ ಇದೆ. ಮಂಡಿನೋವು ಅಂತ ವಾಕಿಂಗ್ ಬಿಟ್ಟುಬಿಟ್ಟಿದ್ದಾರೆ. ಪ್ರೋಬಯೋಟಿಕ್ ಕ್ಯಾಪ್ಸೂಲ್ ಕೊಡಿ, ಹೊಟ್ಟೆ ಕೊಬ್ಬು ಕರಗುತ್ತೆ ಅಂತ ಮೆಡಿಕಲ್ ಶಾಪಲ್ಲಿ ಹೇಳಿದ್ರು. ಕೊಡಬಹುದಾ? (ಓದುಗರು, ದಾವಣಗೆರೆ)

ಉತ್ತರ: ಕೊಟ್ರೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ಆದ್ರೆ ಬೊಜ್ಜು ಇಳಿಯುತ್ತೆ ಅಂತ ನಂಬ್ಕೊಂಡು ದುಡ್ಡು ಹಾಕ್ಬೇಡಿ. ಪ್ರೋಬಯೋಟಿಕ್ ಅಂದ್ರೆ ದೇಹಕ್ಕೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ. ಕರುಳಿನ ಬ್ಯಾಕ್ಟೀರಿಯಾಗೂ ಕೊಬ್ಬಿಗೂ ಸಂಬಂಧ ಇರೋದು ನಿಜ. ನಾವು ತಿಂದ ನಾರನ್ನ ಅವು ಸಣ್ಣ ಫ್ಯಾಟಿ ಆಸಿಡ್‌ಗಳಾಗಿ ಮಾಡ್ತವೆ, ಅದು ಹಸಿವಿನ ಹಾರ್ಮೋನ್ ಮೇಲೂ ಪರಿಣಾಮ ಮಾಡುತ್ತೆ, ಇನ್ನು ಕೆಲವು ತಳಿಗಳು ಪಿತ್ತರಸದ ಮೇಲೆ ಕೆಲಸ ಮಾಡಿ ಕೊಲೆಸ್ಟ್ರಾಲ್ ಸ್ವಲ್ಪ ಇಳಿಸ್ತವೆ. ಜಪಾನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಗ್ಯಾಸ್ಸೆರಿ ಅನ್ನೋ ಬ್ಯಾಕ್ಟೀರಿಯಾದ ಒಂದು ತಳಿ ಹಾಕಿದ ಹುಳಿಹಾಲನ್ನ 12 ವಾರ ಕೊಟ್ಟು ನೋಡಿದ್ರು, 2010ರಲ್ಲಿ ವರದಿ ಬಂತು, ಹೊಟ್ಟೆಯೊಳಗಿನ ಕೊಬ್ಬು 4.6% ಇಳಿದಿತ್ತು, ತೂಕ ಬರೀ 1.4%. ನಿಮ್ಮಮ್ಮನ ಲೆಕ್ಕಕ್ಕೆ ಒಂದು ಕೆಜಿ! ಅದೂ ಆ ತಳಿಗೆ ಸಿಕ್ಕ ಫಲಿತಾಂಶ, ಅಂಗಡಿಲಿ ಸಿಗೋ ಎಲ್ಲಾ ಡಬ್ಬಿಗೂ ಅಲ್ಲ.

ನನಗೆ ತೂಕಕ್ಕಿಂತ ಅವರ ಮಾಂಸಖಂಡದ ಚಿಂತೆ ಜಾಸ್ತಿ. ಈ ವಯಸ್ಸಲ್ಲಿ ಊಟ ಬಿಟ್ಟು ತೂಕ ಇಳಿಸಿದ್ರೆ ಕೊಬ್ಬಿನ ಜೊತೆ ತೊಡೆ ಶಕ್ತಿನೂ ಹೋಗುತ್ತೆ, ಮಂಡಿಗೆ ಇನ್ನೂ ಕಷ್ಟ. ಗಟ್ಟಿ ಕುರ್ಚಿ ಮೇಲೆ ಕೂರಿಸಿ, ಕೈ ಊರದೆ ಎದ್ದು ಕೂರೋದನ್ನ ದಿನಾ ಮಾಡಿಸಿ, ಆಗದಿದ್ರೆ ಮೊದಮೊದಲು ಕೈ ಊರಲಿ. ನೋವು ಕಮ್ಮಿ ಆದ್ಮೇಲೆ ಕುಂದವಾಡ ಕೆರೆ ಕಡೆ ನಿಧಾನಕ್ಕೆ ನಡೆಸಿ. ಪ್ರೋಟೀನ್ ಕೆಜಿ ತೂಕಕ್ಕೆ ಸುಮಾರು 1 ಗ್ರಾಂ ಬೇಕು, ಆದ್ರೆ ಶುಗರ್ ಇರೋದ್ರಿಂದ ಮೊದಲು ಕಿಡ್ನಿ ಟೆಸ್ಟ್ ಮಾಡಿಸಿ ಡಾಕ್ಟರ್‌ನ ಕೇಳಿ.

ಊಟಕ್ಕೆ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಸೊಪ್ಪು, ಮನೇಲಿ ಹೆಪ್ಪು ಹಾಕಿದ ಮೊಸರು ಇರ್ಲಿ. ಮೊಸರಲ್ಲಿ ಆ ಜಪಾನಿನ ತಳಿ ಇಲ್ದಿದ್ರೂ ಒಳ್ಳೆ ಪ್ರೋಟೀನ್ ಇದೆ. ಮಜ್ಜಿಗೆಹುಳಿ ಕುದಿಸಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ಅದಕ್ಕೆ ಮಜ್ಜಿಗೆ ಹಾಗೇ ಕುಡೀಲಿ. ಬೆಣ್ಣೆದೋಸೆ ಪೂರ್ತಿ ಬಿಡ್ಸಬೇಡಿ ಪಾಪ, ಅಪರೂಪಕ್ಕೆ ಒಂದು ಸಾಕು.

ಕೀಮೋ ನಡೀತಿದ್ರೆ, ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ತಗೋತಿದ್ರೆ ಡಾಕ್ಟರ್ ಕೇಳದೆ ಕ್ಯಾಪ್ಸೂಲ್ ಬೇಡ. ಆಗ್ಲೇ ತಂದಿಟ್ಟಿದ್ರೆ ಇವತ್ತೇ ಟೇಪ್ ಹಿಡಿದು ಸೊಂಟದ ಅಳತೆ ಬರೆದಿಡಿ, 12 ವಾರ ಆದ್ಮೇಲೆ ಮತ್ತೆ ಅಳೀರಿ, ಇಳೀದೇ ಇದ್ರೆ ನಿಲ್ಲಿಸಿ.