ಓದುಗರ ಪ್ರಶ್ನೆ: ಜ್ಯಾಂಗೋ ಟೆಂಪ್ಲೇಟ್‌ ಬಿಟ್ಟು ಜಿಂಜಾಗೆ ಹೋಗಲಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮಾವನ ಅಕ್ಕಿ ಗಿರಣಿಗೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಒಂದು ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಗೇಟಿಗೆ ಬಂದ ಭತ್ತದ ಲಾರಿ, ತೂಕ, ರೈತರಿಗೆ ಕೊಟ್ಟ ದುಡ್ಡು, ಎಲ್ಲ ಅದರಲ್ಲೇ. ಒಟ್ಟು 40 ಟೆಂಪ್ಲೇಟ್ (ಪುಟಗಳ ಅಚ್ಚು) ಇವೆ. ಲಾರಿಗಳ ಪಟ್ಟಿಯ ಪುಟ ತುಂಬಾ ನಿಧಾನ. ಜಿಂಜಾ ಅನ್ನೋ ಬೇರೆ ಟೆಂಪ್ಲೇಟ್ ಎಂಜಿನ್ ಫಾಸ್ಟ್ ಅಂತ ಗೆಳೆಯ ಹೇಳಿದ. ಒಂದು ಭಾನುವಾರ ಕೂತು ಎಲ್ಲವನ್ನೂ ಬದಲಿಸಿಬಿಡಲಾ?
– ಓದುಗ, ಗಂಗಾವತಿ

ಉತ್ತರ: ಒಂದೇ ಭಾನುವಾರದಲ್ಲಿ ಬೇಡ. ಮೊದಲು ಆ ಪುಟ ಯಾಕೆ ನಿಧಾನ ಅಂತ ನೋಡಿ. ಜಿಂಜಾ ಟೆಂಪ್ಲೇಟನ್ನು ಪೈಥಾನ್ ಕೋಡ್ ಆಗಿ ಮಾಡಿಕೊಂಡು ಓಡಿಸುತ್ತದೆ, ಅದು ಫಾಸ್ಟ್ ಅನ್ನೋದು ಸುಳ್ಳಲ್ಲ. ಆದರೆ 200 ಲಾರಿಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ರೈತನ ಹೆಸರು ತರಲು ಡೇಟಾಬೇಸ್‌ಗೆ ಮತ್ತೆ ಹೋಗುತ್ತಿದ್ದರೆ ಪಟ್ಟಿಗೆ ಒಂದು, ಸಾಲುಗಳಿಗೆ 200, ಒಟ್ಟು 201 ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಆಗುತ್ತವೆ. ಅದಕ್ಕೆ ಜಿಂಜಾ ಮದ್ದಲ್ಲ. ವ್ಯೂನಲ್ಲಿ (ಪುಟಕ್ಕೆ ಮಾಹಿತಿ ತಂದುಕೊಡುವ ಕೋಡ್) ‘ಸೆಲೆಕ್ಟ್ ರಿಲೇಟೆಡ್’ ಸೇರಿಸಿದರೆ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ. ಅದಾದ ಮೇಲೂ ಬೇಕು ಅನಿಸಿದರೆ ಮುಂದೆ ಓದಿ.

ರಾಯಚೂರಿನ ಗಂಜ್‌ನಲ್ಲಿ ಒಂದು ದಲ್ಲಾಳಿ ಅಂಗಡಿಗೆ ನಾನು ಹತ್ತಿ ಲೆಕ್ಕದ ಆ್ಯಪ್ ಮಾಡಿದ್ದೆ. ಅದನ್ನು ಜಿಂಜಾಗೆ ಬದಲಿಸಿದ ಮರುದಿನ ಮಾನ್ವಿ ಕಡೆಯ ಹಿರಿಯರೊಬ್ಬರು ಪಟ್ಟಿ ಹಿಡಿದುಕೊಂಡು ಬಂದರು. "ಯಪ್ಪಾ, ಇದ್ರಾಗ ರೊಕ್ಕ ಮುಟ್ಯಾವಂತ ಬರದೈತಿ. ನನಗ ಯಾರ್ ಕೊಟ್ರು?" ಅಂದರು. ಕಂಪ್ಯೂಟರ್‌ನಲ್ಲಿ ನೋಡಿದೆ. ಅವರದ್ದೊಂದೇ ಅಲ್ಲ, ಅವತ್ತಿನ ಎಲ್ಲ ಲಾಟ್‌ಗಳ ಮುಂದೆಯೂ ‘ಪಾವತಿಯಾಗಿದೆ’ ಅಂತಲೇ ಇತ್ತು.

ತಪ್ಪು ನನ್ನದೇ. ಜ್ಯಾಂಗೋ ಟೆಂಪ್ಲೇಟ್‌ನಲ್ಲಿ ಮೆಥಡ್ (ಕರೆದಾಗ ಉತ್ತರ ಕೊಡುವ ಕೋಡ್ ತುಣುಕು) ಹೆಸರು ಬರೆದರೆ ಸಾಕು, ಅದು ತಾನೇ ಕರೆದು ಉತ್ತರ ತರುತ್ತದೆ. ಜಿಂಜಾದಲ್ಲಿ ಹೆಸರಾದ ಮೇಲೆ ಆವರಣ ಚಿಹ್ನೆ () ಹಾಕಲೇಬೇಕು. ನಾನು ಹಾಕಿರಲಿಲ್ಲ. ಆಗ ‘ಇಫ್’ (ಹೌದೋ ಅಲ್ಲವೋ ಅಂತ ನೋಡುವ ಟ್ಯಾಗ್) ಕೈಗೆ ಸಿಗುವುದು ಮೆಥಡ್ ಕೊಡುವ ಉತ್ತರ ಅಲ್ಲ, ಆ ಮೆಥಡ್ಡೇ. ಅದು ಯಾವಾಗಲೂ ‘ಟ್ರೂ’. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಪುಟ ಚೆಂದವಾಗಿಯೇ ಕಾಣುತ್ತದೆ. ಆ ಹಿರಿಯರು ಓದು ಬಂದವರಾಗಿದ್ದರು. ಬಾರದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಹಾಗಾಗಿ ಕೂಗಿ ಹೇಳುವ ತಪ್ಪುಗಳಿಗೆ ಹೆದರಬೇಡಿ. ಯುಆರ್‌ಎಲ್ ಟ್ಯಾಗ್, ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್‌ನ ಭದ್ರತಾ ಗುರುತು), ‘ಫಾರ್’ ಒಳಗಿನ ‘ಎಂಪ್ಟಿ’ (ಪಟ್ಟಿ ಖಾಲಿ ಇದ್ದರೆ ತೋರಿಸುವ ಭಾಗ), ಇವನ್ನು ಹಾಗೇ ಬಿಟ್ಟರೆ ಜಿಂಜಾ ತಕ್ಷಣ ನಿಂತುಬಿಡುತ್ತದೆ, ನೀವು ಸರಿ ಮಾಡುತ್ತೀರಿ. ಸುಮ್ನೆ ಇರುವ ತಪ್ಪುಗಳೇ ಅಪಾಯ. ನಿಮ್ಮ ಗಿರಣಿಗೆ ಮುಖ್ಯವಾದದ್ದು ಸಮಯ. ಟೈಮ್‌ಝೋನ್ ಸೆಟ್ಟಿಂಗ್ ಆನ್ ಇದ್ದರೆ ಡೇಟಾಬೇಸ್‌ನಿಂದ ಬರುವ ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ಜ್ಯಾಂಗೋ ಟೆಂಪ್ಲೇಟ್ ಅದನ್ನು ನಮ್ಮ ಸಮಯಕ್ಕೆ ತಂದು ತೋರಿಸುತ್ತದೆ, ಜಿಂಜಾ ತರುವುದಿಲ್ಲ. ವ್ಯತ್ಯಾಸ ಐದೂವರೆ ಗಂಟೆ. 12ನೇ ತಾರೀಖು ನಸುಕಿನ 4 ಗಂಟೆಗೆ ಗೇಟಿಗೆ ಬಂದ ಲಾರಿ, ಚೀಟಿಯಲ್ಲಿ 11ನೇ ತಾರೀಖು ರಾತ್ರಿ 10:30ಕ್ಕೆ ಬಂದಂತೆ ಕಾಣುತ್ತದೆ! ಭತ್ತದ ದರ ದಿನದಿನಕ್ಕೆ ಬದಲಾಗುವಾಗ ಇದು ಸಣ್ಣ ಮಾತಲ್ಲ. ಸಮಯ ಬದಲಿಸುವ ಫಿಲ್ಟರನ್ನು ಜಿಂಜಾದ ಎನ್ವಿರಾನ್‌ಮೆಂಟ್‌ಗೆ (ಅದರ ಸೆಟ್ಟಿಂಗ್, ಫಿಲ್ಟರ್ ಇರುವ ಜಾಗ) ನೀವೇ ಸೇರಿಸಬೇಕು. ಮೊತ್ತಕ್ಕೆ ಕಾಮಾ ಹಾಕುವುದೂ ಹಾಗೇ. ಸೆಟ್ಟಿಂಗ್‌ನಿಂದ 1,25,000 ಅಂತ ಬರುತ್ತಿದ್ದದ್ದು 125000 ಆಗುತ್ತದೆ.

ಇನ್ನು ಕೆಲಸದ ಕ್ರಮ. 2015ರಲ್ಲಿ ಬಂದ ಜ್ಯಾಂಗೋ 1.8ರಿಂದ ಎರಡೂ ಎಂಜಿನ್ ಅಕ್ಕಪಕ್ಕ ಇಟ್ಟುಕೊಳ್ಳಬಹುದು. ಸೆಟ್ಟಿಂಗ್‌ನಲ್ಲಿ ಜಿಂಜಾವನ್ನು ಮೊದಲು ಬರೆಯಿರಿ. ಬದಲಿಸಿದ ಫೈಲನ್ನು ಆ್ಯಪ್‌ನ ‘ಜಿಂಜಾ2’ ಫೋಲ್ಡರಿನಲ್ಲಿ ಅದೇ ಹೆಸರಲ್ಲಿ ಇಡಿ. ಅಲ್ಲಿ ಸಿಕ್ಕರೆ ಹೊಸದು, ಸಿಗದಿದ್ದರೆ ಹಳೆಯದು ಓಡುತ್ತದೆ. ಏನಾದರೂ ಕೆಟ್ಟರೆ ಆ ಫೈಲ್ ತೆಗೆದು ಸರ್ವರ್ ರೀಸ್ಟಾರ್ಟ್ ಮಾಡಿ, ಹಳೇ ಪುಟ ವಾಪಸ್. ಒಂದು ತೊಡಕಿದೆ: ಜಿಂಜಾ ಪುಟ ಹಳೆಯ ‘ಬೇಸ್’ ಫೈಲನ್ನು (ಎಲ್ಲ ಪುಟಕ್ಕೂ ಒಂದೇ ಆದ ಚೌಕಟ್ಟು) ಎಕ್ಸ್‌ಟೆಂಡ್ ಮಾಡಲಾರದು, ಅಂದರೆ ಅದರ ಮೇಲೆ ಕಟ್ಟಲಾರದು. ಕೆಲಸ ಮುಗಿಯುವ ತನಕ ಎರಡು ಬೇಸ್ ಸಾಕಬೇಕು. ಮೆನುವಿಗೆ ಒಂದು ಸಾಲು ಸೇರಿಸಿದರೂ ಎರಡು ಕಡೆ ಸೇರಿಸಬೇಕು. ಅಡ್ಮಿನ್ (ಜ್ಯಾಂಗೋ ಜೊತೆಗೇ ಬರುವ ನಿರ್ವಹಣೆಯ ಪುಟಗಳು) ಬಳಸುತ್ತಿದ್ದರೆ ಹಳೆಯ ಎಂಜಿನ್ ಅನ್ನು ಕೊನೆಗೂ ತೆಗೆಯಬೇಡಿ, ಅಡ್ಮಿನ್‌ಗೆ ಅದು ಬೇಕೇ ಬೇಕು.

ಪ್ರತಿ ಪುಟವನ್ನೂ ಎರಡೂ ಎಂಜಿನ್‌ನಲ್ಲಿ ರೆಂಡರ್ ಮಾಡಿ, ಬಂದ ಎಚ್‌ಟಿಎಂಎಲ್ ಅನ್ನು ಡಿಫ್‌ನಲ್ಲಿ (ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುವ ಸಾಧನ) ಹೋಲಿಸಿ. ಖಾಲಿ ಜಾಗದ ವ್ಯತ್ಯಾಸ ಬಿಟ್ಟುಬಿಡಿ. ದಾಖಲೆಗಳನ್ನು ಬೇಕಂತಲೇ ಆರಿಸಿಕೊಳ್ಳಿ: ದುಡ್ಡು ಮುಟ್ಟಿದ ಒಬ್ಬ ರೈತ, ಮುಟ್ಟದ ಒಬ್ಬ, ಅರ್ಧ ಮುಟ್ಟಿದ ಒಬ್ಬ, ನಸುಕಿನಲ್ಲಿ ಬಂದ ಒಂದು ಲಾರಿ, ಲಕ್ಷ ದಾಟಿದ ಒಂದು ಮೊತ್ತ. ನಾನು ಅವತ್ತು ದುಡ್ಡು ಮುಟ್ಟಿದವರ ಲಾಟ್ ಮಾತ್ರ ನೋಡಿ ಸರಿ ಇದೆ ಅಂದುಕೊಂಡಿದ್ದೆ.

‘ನಮ್ಮ ಬಗ್ಗೆ’ ಅನ್ನುವಂಥ ಲೆಕ್ಕ ಇಲ್ಲದ ಪುಟದಿಂದ ಶುರು ಮಾಡಿ. ರೈತರ ಕೈಗೆ ಹೋಗುವ ಚೀಟಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅದನ್ನೂ ಸುಗ್ಗಿ ಕಳೆದು ಗೇಟಿನಲ್ಲಿ ಲಾರಿ ಕಡಿಮೆಯಾದ ಮೇಲೆ ಮುಟ್ಟಿ.