ಬೇಗ ಹೋಗುವ ಆಂಬುಲೆನ್ಸ್ ಬಿಡಿ, ಆಕ್ಸಿಜನ್ ಲೆಕ್ಕ ಹಾಕಿ

ಅಮ್ಮ ಹಾಸನದಲ್ಲಿ ಐಸಿಯುನಲ್ಲಿದ್ದಾರೆ, ಬೆಂಗಳೂರಿಗೆ ಎಲ್ಲಕ್ಕಿಂತ ಬೇಗ ತಲುಪಿಸುವ ಆಂಬುಲೆನ್ಸ್ ಯಾವುದು ಅಂತ ಕೇಳಿದ್ದೀರಿ. ನಾನೂ ಅದನ್ನೇ ಹುಡುಕಿದ್ದೆ. ಅಪ್ಪನಿಗೆ ನ್ಯುಮೋನಿಯಾ, ಮಾಸ್ಕ್‌ನಲ್ಲಿ ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಹೋಗುತ್ತಿತ್ತು. ಡ್ರೈವರ್ "ಮೂರು ಗಂಟೇಲಿ ಮುಟ್ಟಿಸ್ತೀನಿ" ಅಂದ. ಸಿಲಿಂಡರ್ ಕೇಳಿದರೆ "ಫುಲ್ ಇದೆ" ಅಂದ. ನಂಬಿ ಹೊರಟುಬಿಟ್ಟೆವು.

ಎಡವಿದ್ದು ಅಲ್ಲೇ. ಫುಲ್ ಅಂದರೆ ಎಷ್ಟು ಅಂತ ಕೇಳಲೇ ಇಲ್ಲ. ಅದು ಬಿ ಟೈಪ್ ಸಿಲಿಂಡರ್. ತುಂಬಿದ್ದರೆ ಸುಮಾರು 1500 ಲೀಟರ್. ನಿಮಿಷಕ್ಕೆ 10 ಲೀಟರ್‌ನಂತೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ದಾರಿ ಸುಮಾರು 185 ಕಿಲೋಮೀಟರ್. ಡ್ರೈವರ್ ಹೇಳಿದ ಮೂರು ಗಂಟೆಗೇ ಅದು ಸಾಲುತ್ತಿರಲಿಲ್ಲ, ನೆಲಮಂಗಲದ ಟ್ರಾಫಿಕ್ ಬೇರೆ! ದಾರಿಯಲ್ಲಿ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಇಳಿದರೆ ಫ್ಲೋ 15ಕ್ಕೆ ಏರಿಸಬೇಕಾಗುತ್ತೆ. ಆಗ ತುಂಬಿದ ಸಿಲಿಂಡರ್ ಕೂಡ 100 ನಿಮಿಷ ಅಷ್ಟೆ. ನಮಗೆ ಅದೇ ಆಯಿತು. ಕುಣಿಗಲ್ ಹತ್ತಿರ ಗೇಜ್ ಮುಳ್ಳು ಸೊನ್ನೆಗೆ ಬಂತು, ಬದಲಿ ಸಿಲಿಂಡರ್ ಇರಲಿಲ್ಲ. ಹತ್ತಿರದ ಆಸ್ಪತ್ರೆಗೆ ತಿರುಗಿಸುವಷ್ಟರಲ್ಲಿ ಸ್ಯಾಚುರೇಶನ್ 60ರ ಆಸುಪಾಸಿಗೆ ಬಿದ್ದಿತ್ತು. ಅಪ್ಪ ಉಳಿದರು. ಆದರೆ ವಾರಗಟ್ಟಲೆ ವೆಂಟಿಲೇಟರ್‌ನಲ್ಲಿ ನರಳಿದರು.

ಅದಕ್ಕೇ ಹೇಳ್ತೀನಿ, ಸ್ಪೀಡ್ ಮಾತೇ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಇಂಥ ರೋಗಿಯ ಬಿಪಿ ಏರುಪೇರಾಗುತ್ತೆ, ಹಂಪಿನಲ್ಲಿ ಎಗರಿದರೆ ಟ್ಯೂಬ್, ಡ್ರಿಪ್ ಕಿತ್ತುಬರಬಹುದು. ಮೊದಲು ಡಾಕ್ಟರನ್ನು ನೇರವಾಗಿ ಕೇಳಿ: ಇಲ್ಲಿ ಆಗದ್ದು ಅಲ್ಲಿ ಏನಾಗುತ್ತೆ? ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ಐಸಿಯು ಇದೆ ಅಲ್ವಾ. ಸುಮ್ನೆ ನೆಂಟರು ಹೇಳಿದರು ಅಂತ ಹೊರಡಬೇಡಿ. ಬಿಪಿ ಇನ್ನೂ ಹತೋಟಿಗೆ ಬಂದಿಲ್ಲದಿದ್ದರೆ, ಅದು ಸ್ಥಿರವಾಗುವವರೆಗೆ ಕಾಯಬಹುದಾ ಅಂತಲೂ ಕೇಳಿ.

ಹೋಗಲೇಬೇಕು ಅಂದರೆ ಎಎಲ್ಎಸ್ (ಅಡ್ವಾನ್ಸ್ಡ್ ಲೈಫ್ ಸಪೋರ್ಟ್, ಐಸಿಯು ಉಪಕರಣ ಇರುವ ಆಂಬುಲೆನ್ಸ್) ಗಾಡಿಯನ್ನೇ ಕರೆಸಿ. ಮಾನಿಟರ್, ವೆಂಟಿಲೇಟರ್, ಕಫ ಎಳೆಯುವ ಸಕ್ಷನ್ ಮೆಷಿನ್ ನಡೆಯುತ್ತಿವೆಯಾ ಅಂತ ಹೊರಡುವ ಮೊದಲೇ ಆನ್ ಮಾಡಿಸಿ ನೋಡಿ. ಹಿಂದೆ ಡಾಕ್ಟರ್ ಅಥವಾ ಐಸಿಯು ಕೆಲಸ ಗೊತ್ತಿರುವ ನರ್ಸ್ ಕೂರಲೇಬೇಕು. ಬರೀ ಹೆಲ್ಪರ್ ಇದ್ದರೆ ಬೇಡ ಅನ್ನಿ. ಆಕ್ಸಿಜನ್ ಪ್ರಯಾಣದ ಸಮಯದ ಎರಡರಷ್ಟು ಹೊತ್ತಿಗೆ ಸಾಲುವಷ್ಟು ಇರಲಿ. ದೊಡ್ಡದಾದ ಡಿ ಟೈಪ್ ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್ ಬರುತ್ತೆ. ವೆಂಟಿಲೇಟರ್ ಹಾಕಿದ್ದರೆ ಲೆಕ್ಕ ಬೇರೆ, ಅದನ್ನು ಐಸಿಯು ಡಾಕ್ಟರ್ ಹತ್ತಿರವೇ ಹಾಕಿಸಿ.

ಇಲ್ಲಿನ ಡಾಕ್ಟರ್ ಬೆಂಗಳೂರಿನ ಡಾಕ್ಟರ್ ಜೊತೆ ತಾವೇ ಮಾತಾಡಿ, ಬೆಡ್ ಖಚಿತವಾದ ಮೇಲೆ ಹೊರಡಿ. ದಾರಿಯಲ್ಲಿ ಹೆಚ್ಚುಕಮ್ಮಿಯಾದರೆ ಚನ್ನರಾಯಪಟ್ಟಣ, ಬಿ.ಜಿ. ನಗರದ ಮೆಡಿಕಲ್ ಕಾಲೇಜು, ಕುಣಿಗಲ್ ಇವೆ. ಎಲ್ಲಿ ತಿರುಗಿಸಬೇಕು ಅಂತ ಡ್ರೈವರ್‌ಗೆ ಹತ್ತುವ ಮೊದಲೇ ಹೇಳಿಡಿ.