1863ರ ‘ವಾಟರ್-ಬೇಬೀಸ್’: ಕವನದ ಹಾಳೆ ಇಲ್ಲದ ಪ್ರತಿ

ನೀವು ನೋಡಿದ ಹಳೆಯ ಪ್ರತಿಯಲ್ಲಿ ಕವನದ ಹಾಳೆ ಇಲ್ಲ, ಯಾರಾದರೂ ಹರಿದಿರಬಹುದಾ, ಕೊಳ್ಳಬಹುದಾ ಅಂತ ಕೇಳಿದ್ದಿರಿ. ಆ ಹಾಳೆಯನ್ನು ಯಾರೂ ಹರಿದಿರಲಿಕ್ಕಿಲ್ಲ. ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿಯ ಈ ಮಕ್ಕಳ ಕಥೆಪುಸ್ತಕ 1863ರಲ್ಲಿ ಬಂದಾಗ, ‘ಲಾನ್ವಾ’ ಅನ್ನೋ ಪುಟ್ಟ ಕವನ ಮೊದಲ ಕೆಲವು ಪ್ರತಿಗಳಲ್ಲಿ ಮಾತ್ರ ಇತ್ತು. ಆಮೇಲೆ ತೆಗೆದರು. ನೀವು ನೋಡಿರೋದು ಬಹುಶಃ ಅದೇ ವರ್ಷದ, ಸ್ವಲ್ಪ ತಡವಾಗಿ ಹೊರಬಿದ್ದ ಪ್ರತಿ.

ಮೊದಲು ಅರ್ಪಣೆಯ ಪುಟದ ಹತ್ತಿರ ಹೊಲಿಗೆಯ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಹರಿದ ಅಂಚು ಕಂಡರೆ ಮಾತ್ರ ಅನುಮಾನಪಡಿ. ರಟ್ಟು ಹೊಸದಾಗಿ ಕಟ್ಟಿಸಿದ್ದರೆ ಇದರಿಂದ ಖಚಿತವಾಗಿ ಹೇಳೋದು ಕಷ್ಟ. ಆಮೇಲೆ ನೋಯೆಲ್ ಪೇಟನ್ ಬರೆದ ಎರಡು ಚಿತ್ರಗಳನ್ನು ಹುಡುಕಿ. ಅವು ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ, ನನಗಂತೂ ಅದು ಅರ್ಧ ಪುಸ್ತಕ. ಇದ್ದರೆ ಖಂಡಿತ ತಗೊಳ್ಳಿ, ‘ಲಾನ್ವಾ’ ಇರುವ ಪ್ರತಿಯ ಬೆಲೆ ಮಾತ್ರ ಕೊಡಬೇಡಿ.

ಕಿಂಗ್ಸ್ಲಿಯವರ ಬಗ್ಗೆ ಮೊದಲು ಯಾವ ಪುಸ್ತಕ ಓದೋದು ಅಂದಿರಲ್ವಾ? ಅವರ ಹೆಂಡತಿ ಸಂಪಾದಿಸಿದ ಪತ್ರಗಳು, ನೆನಪುಗಳು: 1877, ಎರಡು ಸಂಪುಟ. ಎರಡೂ ಒಟ್ಟಿಗೇ ಕೊಳ್ಳಿ.